ಅದೇ ಸ್ಟೈರೀನ್, ಅದೇ ಅಣುತೂಕ: ಡೈಬ್ಲಾಕ್ ಜಿಗುಟು, ಟ್ರೈಬ್ಲಾಕ್ ರಬ್ಬರ್. ಯಾಕೆ?

ಹೊಸಬ_ಲ್ಯಾಬ್: ನನ್ನ ಹತ್ತಿರ ಎರಡು ಸ್ಯಾಂಪಲ್ ಇವೆ. ಒಂದು ಪಾಲಿಸ್ಟೈರೀನ್-ಪಾಲಿಐಸೊಪ್ರೀನ್ ಡೈಬ್ಲಾಕ್ (ಎರಡು ಬಗೆಯ ತುಂಡು, ಅಂದರೆ ಬ್ಲಾಕ್, ಜೋಡಿಸಿದ ಸರಪಳಿ), ಇನ್ನೊಂದು ಎರಡೂ ತುದಿಗೆ ಸ್ಟೈರೀನ್, ನಡುವೆ ಐಸೊಪ್ರೀನ್ ಇರುವ ಟ್ರೈಬ್ಲಾಕ್, ಅಂದರೆ ಎಸ್‌ಐಎಸ್. ಎರಡರಲ್ಲೂ ಸ್ಟೈರೀನ್ ಸುಮಾರು 30%, ಅಣುತೂಕ ಸುಮಾರು 1 ಲಕ್ಷ. ಎಕ್ಸ್-ರೇಯಲ್ಲಿ ಎರಡಕ್ಕೂ ಪೀಕ್‌ಗಳು 1, √3, 2 ಅನುಪಾತದಲ್ಲೇ ಬಂದಿವೆ, ಅಂದರೆ ಎರಡೂ ಷಟ್ಕೋನವಾಗಿ ಜೋಡಿಸಿಕೊಂಡ ಸ್ಟೈರೀನ್ ಸಿಲಿಂಡರ್. ಆದರೆ ಎಸ್‌ಐಎಸ್‌ನಲ್ಲಿ ಸಿಲಿಂಡರ್‌ಗಳ ನಡುವಿನ ಅಂತರ ತುಂಬಾ ಕಮ್ಮಿ, ಪೀಕ್‌ಗಳೂ ಮೊಂಡು. ಮುಟ್ಟಿದರೆ ಡೈಬ್ಲಾಕ್ ಮೆತ್ತಗೆ, ಎಳೆದರೆ ಕಿತ್ತು ಬರುತ್ತದೆ, ಎಸ್‌ಐಎಸ್ ಮಾತ್ರ ರಬ್ಬರ್‌ಬ್ಯಾಂಡ್. ಸರಕು ಒಂದೇ ಅಲ್ವಾ?

ಜಡೆ_ಪಾಲಿಮರ್: ಸರಕು ಒಂದೇ, ಹೆಣೆದ ರೀತಿ ಬೇರೆ. ಎಸ್‌ಐಎಸ್ ಸರಪಳಿಯನ್ನು ನಟ್ಟನಡುವೆ ಕತ್ತರಿಸಿದಂತೆ ಊಹಿಸಿ, ಅರ್ಧ ಉದ್ದದ ಎರಡು ಡೈಬ್ಲಾಕ್ ಸಿಗುತ್ತವೆ. ಅಂತರ ನಿರ್ಧಾರ ಆಗುವುದು ಆ ಅರ್ಧದಿಂದ. ಬ್ಲಾಕ್‌ಗಳು ಚೆನ್ನಾಗಿ ಬೇರೆಯಾಗಿದ್ದರೆ ಅಂತರ ಉದ್ದದ 2/3 ಘಾತಕ್ಕೆ ಹೋಗುತ್ತದೆ, ಹಾಗಾಗಿ ಅರ್ಧ ಉದ್ದಕ್ಕೆ ಸುಮಾರು 0.63 ಪಟ್ಟು. ನಿಮ್ಮ ಲೆಕ್ಕ ಇದರ ಹತ್ತಿರ ಬಂತಾ ನೋಡಿ.

ಇನ್ನು ರಬ್ಬರ್ ಗುಣ. ಎಸ್‌ಐಎಸ್‌ನ ಒಂದು ತುದಿ ಈ ಸಿಲಿಂಡರ್‌ನಲ್ಲಿ, ಇನ್ನೊಂದು ತುದಿ ಪಕ್ಕದ್ದರಲ್ಲಿ ಹೂತುಕೊಂಡರೆ ಅದು ಸೇತುವೆ. ಎರಡೂ ಒಂದೇ ಕಡೆ ತಿರುಗಿ ಬಂದರೆ ಕುಣಿಕೆ. ಪಾಲಿಸ್ಟೈರೀನ್ ಸುಮಾರು 100 ಡಿಗ್ರಿವರೆಗೆ ಗಾಜಿನಂತೆ ಗಟ್ಟಿ, ಆದ್ದರಿಂದ ಸಿಲಿಂಡರ್‌ಗಳೇ ಗಂಟು. ಕುಣಿಕೆಗಳೂ ವ್ಯರ್ಥವಲ್ಲ, ಒಂದರೊಳಗೊಂದು ಸಿಕ್ಕಿಕೊಂಡು ಅವೂ ಎಳೆತ ತಡೆಯುತ್ತವೆ. ಡೈಬ್ಲಾಕ್‌ಗೆ ಗಟ್ಟಿ ತುದಿ ಒಂದೇ, ಇನ್ನೊಂದು ಸುಮ್ನೆ ನೇತಾಡುತ್ತದೆ.

ಕೈ_ಲೆಕ್ಕ: ಮೇಲಿನ ಕತ್ತರಿ ಲೆಕ್ಕ ಪೂರ್ತಿ ನಿಜ ಅಲ್ಲ. ಎರಡೂ ಬ್ಲಾಕ್ ಸಮಪಾಲಿರುವ ಡೈಬ್ಲಾಕ್ ಬೇರೆಬೇರೆಯಾಗಿ ಕ್ರಮಕ್ಕೆ ಬರಲು ಕೈ-ಎನ್ ಗುಣಲಬ್ಧ (ಬ್ಲಾಕ್‌ಗಳ ಪರಸ್ಪರ ವಿರೋಧ χ × ಸರಪಳಿಯ ಉದ್ದ N) 10.5 ಬೇಕು. ಕತ್ತರಿ ಲೆಕ್ಕದಂತೆ ಟ್ರೈಬ್ಲಾಕ್‌ಗೆ 21 ಬೇಕಿತ್ತು, ಆದರೆ ಸಿದ್ಧಾಂತದಲ್ಲಿ 18ಕ್ಕೇ ಬರುತ್ತದೆ. ನಡುವಿನ ಆ ಒಂದು ಜೋಡಣೆ ಸರಪಳಿಗಳು ಬೆರೆಯುವ ಸ್ವಾತಂತ್ರ್ಯವನ್ನು ಸ್ವಲ್ಪ ಕಿತ್ತುಕೊಳ್ಳುತ್ತದೆ.

ನಿಜವಾದ ಮಜಾ ಇರುವುದು ನಕ್ಷತ್ರದಲ್ಲಿ, ಅಂದರೆ ಒಂದೇ ಬಿಂದುವಿನಿಂದ ತೋಳುಗಳು ಹೊರಟ ಅಣುವಿನಲ್ಲಿ. ಒಂದು ಸ್ಟೈರೀನ್ ತೋಳಿಗೆ ಎರಡು ಐಸೊಪ್ರೀನ್ ತೋಳು ಕಟ್ಟಿ. ಸ್ಟೈರೀನ್-ಐಸೊಪ್ರೀನ್ ಗಡಿಯ ಐಸೊಪ್ರೀನ್ ಬದಿಯಲ್ಲಿ ನೂಕುನುಗ್ಗಲು, ಜಾಗ ಸಾಲದೆ ಗಡಿಯೇ ಸ್ಟೈರೀನ್ ಕಡೆ ಬಾಗುತ್ತದೆ. ಡೈಬ್ಲಾಕ್‌ನಲ್ಲಿ ಪದರ ಕೊಡುವ ಪಾಲಿನಲ್ಲೇ ಇಲ್ಲಿ ಸ್ಟೈರೀನ್ ಸಿಲಿಂಡರ್ ಬರಬಹುದು. ಹಾಗಾಗಿ ಬರೀ ಶೇಕಡಾ ನೋಡಿ ಆಕಾರ ಹೇಳುವವರನ್ನು ನಾನು ನಂಬುವುದಿಲ್ಲ.

ಮೊಂಡು ಪೀಕ್ ಬಗ್ಗೆ: ಎಷ್ಟು ಹೊತ್ತು ಬಿಸಿಯಲ್ಲಿ ಇಟ್ಟಿದ್ದಿರಿ? ಸೇತುವೆ ಸರಪಳಿ ಜಾಗ ಬದಲಿಸಬೇಕಾದರೆ ಗಟ್ಟಿ ಬ್ಲಾಕ್ ಒಂದನ್ನು ಐಸೊಪ್ರೀನ್ ಮೂಲಕ ಎಳೆದು ತರಬೇಕು, ಅದಕ್ಕೆ ಡೈಬ್ಲಾಕ್‌ಗಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಹೊತ್ತು ಸಾಲದಿದ್ದರೆ ಜೋಡಣೆ ಅರೆಬರೆ, ಪೀಕ್ ಮೊಂಡು.

ಹೊಸಬ_ಲ್ಯಾಬ್: ಅಯ್ಯೋ, ಎರಡನ್ನೂ ಒಂದೇ ಟ್ರೇಯಲ್ಲಿ 120 ಡಿಗ್ರಿಗೆ ಎರಡು ಗಂಟೆ ಇಟ್ಟು ತೆಗೆದಿದ್ದೆ. ಅಂತರದ ಅನುಪಾತ 0.65 ಬಂತು. ಎಸ್‌ಐಎಸ್ ಅನ್ನು ಇವತ್ತು ರಾತ್ರಿಯಿಡೀ ವ್ಯಾಕ್ಯೂಮ್ ಓವನ್‌ನಲ್ಲಿ ಬಿಡುತ್ತೇನೆ.