ಟಿಸಿಡಿ ಮಾಡಿಸಿದವರ ಅನುಭವ ತಿಳಿಸಿ

ಕೇಳಿದವರು: ನಮ್ಮ ಅತ್ತೆಯವರಿಗೆ 71 ವರ್ಷ. ಕಳೆದ ವಾರ ಹತ್ತು ನಿಮಿಷ ಬಲಗೈ ಸ್ವಾಧೀನ ತಪ್ಪಿ, ಮತ್ತೆ ಸರಿಹೋಯಿತು. ಎಂಆರ್‌ಐ ಆಗಿದೆ. ಈಗ ಮಿದುಳಿನ ರಕ್ತದ ಹರಿವು ನೋಡಲು ಟ್ರಾನ್ಸ್‌ಕ್ರೇನಿಯಲ್ ಡಾಪ್ಲರ್ (ಟಿಸಿಡಿ) ಎಂಬ ಅಲ್ಟ್ರಾಸೌಂಡ್ ಪರೀಕ್ಷೆ ಬರೆದುಕೊಟ್ಟಿದ್ದಾರೆ. ಮಾಡಿಸಬಹುದೇ?

ಶಿವಮೊಗ್ಗದ ಮಗ: ನಮ್ಮ ತಾಯಿಯನ್ನು ಇದೇ ಪರೀಕ್ಷೆಗೆಂದು ಬೆಂಗಳೂರಿಗೆ ಕರೆದೊಯ್ದೆ. ಕಾರಿಗೆ 7,800, ಲಾಡ್ಜಿಗೆ 1,400, ಪರೀಕ್ಷೆಗೆ 3,200 ರೂಪಾಯಿ. ಕಿವಿಯ ಮುಂದೆ ಜೆಲ್ ಹಚ್ಚಿ, ಶಬ್ದತರಂಗ ಕಳಿಸುವ ಪ್ರೋಬನ್ನು ಕೂದಲೆಳೆಯಷ್ಟು ಅತ್ತಿತ್ತ ವಾಲಿಸುತ್ತ 35 ನಿಮಿಷ ಹುಡುಕಿದರೂ ಯಂತ್ರದಿಂದ ಬರೀ ಸರಸರ ಸದ್ದು. ಎರಡೂ ಕಡೆ ಕಿಟಕಿ, ಅಂದರೆ ತರಂಗ ಒಳಹೋಗುವಷ್ಟು ತೆಳುವಾದ ಮೂಳೆಯ ಜಾಗ, ಸಿಗಲಿಲ್ಲವೆಂದು ಒಂದು ಸಾಲಿನ ವರದಿ ಕೊಟ್ಟರು. ವಯಸ್ಸಾದ ಹೆಂಗಸರಲ್ಲಿ ಆ ಮೂಳೆಯ ಮೂಲಕ ಶಬ್ದತರಂಗ ಹಾಯುವುದು ಕಷ್ಟವೆಂಬುದು ಗೊತ್ತಿದ್ದ ಸಂಗತಿಯಂತೆ. ಗೊತ್ತಿದ್ದವರು ಮೊದಲೇ ಹೇಳಬಾರದಿತ್ತೇ? ಮರುದಿನ ಸಿಟಿ ಆಂಜಿಯೋಗೆ (ರಕ್ತನಾಳಗಳ ಸಿಟಿ ಸ್ಕ್ಯಾನ್) ಮತ್ತೆ 9,500. ತಲೆಯ ಜೆಲ್ ತೊಳೆಯಲು ಲಾಡ್ಜಿನಲ್ಲಿ ಬಿಸಿನೀರೂ ಇರಲಿಲ್ಲ.

ಪ್ರೋಬ್ ಹಿಡಿಯುವವಳು: ಹನ್ನೊಂದು ವರ್ಷದಿಂದ ಇದೇ ನನ್ನ ಕೆಲಸ. 1982ರಲ್ಲಿ ಸಂಶೋಧಕ ಆಸ್ಲಿಡ್ ಅವರು 2 ಮೆಗಾಹರ್ಟ್ಸ್ ಶಬ್ದತರಂಗ ತಲೆಬುರುಡೆಯನ್ನು ದಾಟುತ್ತದೆಂದು ತೋರಿಸಿದಾಗಲೂ ಕಿಟಕಿಯ ತೊಡಕು ಇತ್ತು, ಈಗಲೂ ಇದೆ. ನೂರರಲ್ಲಿ ಹತ್ತಿಪ್ಪತ್ತು ಮಂದಿಗೆ ಅದು ಸಿಗುವುದಿಲ್ಲ. ಅಷ್ಟಕ್ಕೆ ಪರೀಕ್ಷೆಯನ್ನೇ ಹಳಿಯಬೇಡಿ. ಕತ್ತಿನ ರಕ್ತನಾಳ ಕಿರಿದಾಗಿದ್ದ 58 ವರ್ಷದವರೊಬ್ಬರಿಗೆ ಪ್ರೋಬ್ ಅಲುಗದಂತೆ ತಲೆಪಟ್ಟಿ ಕಟ್ಟಿ ಒಂದು ಗಂಟೆ ಕುಳಿತೆ. ಹರಿವಿನ ಹುಶ್ ಹುಶ್ ನಡುವೆ ಗುಬ್ಬಿಮರಿ ಕೂಗಿದಂತೆ ಆರು ಬಾರಿ ‘ಚಿವ್’ ಎಂದಿತು. ಒಂದೊಂದು ಕೂಗೂ ರಕ್ತದಲ್ಲಿ ತೇಲಿ ಮಿದುಳಿನತ್ತ ಸಾಗಿದ ಹೆಪ್ಪಿನ ಒಂದೊಂದು ಚೂರು. ಒಂದು ಕ್ಷಣದ ಚಿತ್ರವಾದ ಸಿಟಿ ಆಂಜಿಯೋ ಇದನ್ನು ಎಣಿಸಲಾರದು.

ಪ್ಯಾರಿಸ್‌ನಲ್ಲಿರುವ ಕನ್ನಡಿಗ: ಎಣಿಸಿದ್ದು ಸರಿ, ಆದರೆ ಟಿಸಿಡಿ ಅಳೆಯುವುದು ವೇಗವನ್ನು, ಹರಿವಿನ ಪ್ರಮಾಣವನ್ನಲ್ಲ, ನಾಳ ಕುಗ್ಗಿದರೂ ವೇಗ ಏರುತ್ತದೆ. ನಾನು ಇಲಿಗಳ ಮಿದುಳಿನ ಮಧ್ಯ ಧಮನಿಯನ್ನು ಕಟ್ಟಿ, 15 ಮೆಗಾಹರ್ಟ್ಸ್ ಪ್ರೋಬಿನಿಂದ ಹರಿವು ನಿಂತ ಜಾಗದ ನಕ್ಷೆ ತೆಗೆಯುತ್ತೇನೆ. ಬುರುಡೆ ತೆರೆಯುವಾಗ ಡ್ರಿಲ್ ತುಸು ಆಳಕ್ಕಿಳಿದರೂ ರಕ್ತ ಉಕ್ಕುತ್ತದೆ. ಹಾಗೆ ನನ್ನ ಎಂಟು ತಿಂಗಳು ಹಾಳಾಯಿತು. 2021ರಲ್ಲಿ ಇಲ್ಲಿನ ತಂಡವೊಂದು ರಕ್ತಕ್ಕೆ ಸೂಕ್ಷ್ಮಗುಳ್ಳೆಗಳನ್ನು ಬಿಟ್ಟು, ಒಂದೊಂದರ ಜಾಡು ಹಿಡಿದು, ಮನುಷ್ಯರ ಮಿದುಳಿನ ಆಳದ ನಾಳಗಳನ್ನೇ ಚಿತ್ರಿಸಿತು. ಬುರುಡೆ ತೆರೆಯಲಿಲ್ಲ ನಿಜ, ಆದರೆ ಕಿವಿಯ ಮುಂದಿನ ಅದೇ ಕಿಟಕಿ ಅವರಿಗೂ ಬೇಕಾಯಿತು.

ಶಿವಮೊಗ್ಗದ ಮಗ: ಇಲಿಯ ಕಥೆ ಕಟ್ಟಿಕೊಂಡು ನನಗೇನಾಗಬೇಕು? ಕಿಟಕಿ ಸಿಗದಿದ್ದರೆ ಹಣ ಹಿಂತಿರುಗಿಸಬೇಕೋ ಬೇಡವೋ, ಅದನ್ನು ಹೇಳಿ.

ಪ್ರೋಬ್ ಹಿಡಿಯುವವಳು: ಆ 35 ನಿಮಿಷ ಮಣಿಕಟ್ಟು ನೋಯಿಸಿಕೊಂಡು ಹುಡುಕಿದವಳಿಗೆ ನಿಮ್ಮ 3,200ರಲ್ಲಿ ಎಷ್ಟು ಸೇರಿತೆಂದು ಕೇಳಿದ್ದೀರಾ? ಹರಿವಿನ ಸದ್ದು ಕ್ಷೀಣವಾಗಿದ್ದರೆ ಅದನ್ನು ಜೋರಾಗಿಸಲು ರಕ್ತಕ್ಕೆ ಗುಳ್ಳೆಗಳ ಕಾಂಟ್ರಾಸ್ಟ್ ಕೊಟ್ಟು ನೋಡಬಹುದಿತ್ತು. ಅದಕ್ಕೂ ದುಡ್ಡು ಹೆಚ್ಚಾಯಿತೆಂದು ಇಲ್ಲಿ ಬಂದು ಬರೆಯುತ್ತಿದ್ದಿರಿ.

ಶಿವಮೊಗ್ಗದ ಮಗ: ಕೊಡಲೇ ಎಂದು ಯಾರಾದರೂ ಕೇಳಿದ್ದರೆ ತಾನೆ!