ಪದರ ತೆಳ್ಳಗಿದ್ದರೆ ಆ ವರ್ಷ ಹಿಮ ಕಡಿಮೆ ಬಿದ್ದಿತ್ತಾ?

ಮೂಡಿಗೆರೆ_ತೋಟ:
ನಮ್ಮ ತೋಟದ ಮನೆಯಲ್ಲಿ ಅಜ್ಜನ ಮಳೆ ಪುಸ್ತಕ ಇದೆ. ದಿನಾ ಬೆಳಿಗ್ಗೆ ರೈನ್ ಗೇಜ್ ನೋಡಿ ಇಂಚು, ಸೆಂಟ್ ಲೆಕ್ಕದಲ್ಲಿ ಬರೆಯುತ್ತಿದ್ದರು. ಈಗ ನಾನು ಬರೆಯುತ್ತೇನೆ. ಗ್ರೀನ್‌ಲ್ಯಾಂಡಿನ ಮಂಜುಗಡ್ಡೆಯಲ್ಲಿ ಸಾವಿರಾರು ವರ್ಷಗಳ ಹಿಮದ ಲೆಕ್ಕ ಸಿಗುತ್ತದೆ ಅಂತ ಓದಿದಾಗಿನಿಂದ ಅದೇ ತಲೆಯಲ್ಲಿದೆ. ಆಳಕ್ಕೆ ಹೋದಂತೆ ಒಂದೊಂದು ವರ್ಷದ ಪದರ ತೆಳ್ಳಗಾಗುತ್ತದಂತೆ. ಹಾಗಾದರೆ ಹಿಂದೆ ಹಿಮ ಕಡಿಮೆ ಬೀಳುತ್ತಿತ್ತಾ?

ಹಿಮದ_ಕೋಣೆ:
ಇಲ್ಲ ಸರ್. ನಾನು ಮೈನಸ್ 20 ಡಿಗ್ರಿ ಕೋಣೆಯಲ್ಲಿ ಹೀಗೆ ಕೊರೆದು ತೆಗೆದ ಮಂಜುಗಡ್ಡೆಯ ತುಂಡುಗಳನ್ನು ಕೊಯ್ದಿದ್ದೇನೆ. ಸ್ಕೇಲ್ ಇಟ್ಟು ಅಳೆದದ್ದೇ ಹಿಮದ ಲೆಕ್ಕ ಅಂದುಕೊಂಡರೆ ತಪ್ಪಾಗುತ್ತದೆ. ಮೇಲಿನ ಹಿಮ ಹಗುರ. ಭಾರ ಬಿದ್ದು ಬಿದ್ದು, 60ರಿಂದ 100 ಮೀಟರ್ ಆಳದ ಹೊತ್ತಿಗೆ ಗಟ್ಟಿ ಗಡ್ಡೆಯಾಗುತ್ತದೆ. ಇದನ್ನು ಸರಿಮಾಡುವುದು ಸುಲಭ. ತುಂಡಿನ ತೂಕ ನೋಡಿದರೆ ನೀರು ಎಷ್ಟು ಅಂತ ಗೊತ್ತಾಗುತ್ತದೆ.

ಕಷ್ಟ ಇರುವುದು ಮುಂದೆ. ಗಡ್ಡೆ ತನ್ನ ಭಾರಕ್ಕೆ ತಾನೇ ನಿಧಾನವಾಗಿ ಸುತ್ತಲೂ ಹರಿಯುತ್ತದೆ. ಹೋಳಿಗೆ ಲಟ್ಟಿಸಿದ ಹಾಗೆ, ಅಗಲವಾದಷ್ಟೂ ತೆಳ್ಳಗೆ. ಯಾವ ಆಳದಲ್ಲಿ ಎಷ್ಟು ತೆಳ್ಳಗಾಗಿರಬೇಕು ಅಂತ ಹರಿವಿನ ಲೆಕ್ಕ ಹಾಕಿ, ಪದರವನ್ನು ಮತ್ತೆ ಮೊದಲಿನ ದಪ್ಪಕ್ಕೆ ತರಬೇಕು.

ಗ್ರೀನ್‌ಲ್ಯಾಂಡಿನ ಮಂಜುಗಡ್ಡೆಯ ನೆತ್ತಿಯಲ್ಲಿ ಜಿಐಎಸ್‌ಪಿ-2 ಎಂಬ ಕೊರೆತ 1993ರಲ್ಲಿ 3,053 ಮೀಟರ್ ಇಳಿಯಿತು. ಅಲ್ಲಿ ಈಗ ವರ್ಷಕ್ಕೆ ಸುಮಾರು 24 ಸೆಂಟಿಮೀಟರ್ ಗಡ್ಡೆಯಷ್ಟು ಹಿಮ ಸೇರುತ್ತದೆ. ಸುಮಾರು 11,700 ವರ್ಷ ಹಿಂದಿನ ಪದರಗಳಲ್ಲಿ ದಪ್ಪ ಕೆಲವೇ ವರ್ಷಗಳಲ್ಲಿ ಇಮ್ಮಡಿಯಾಗಿದೆ! ಅಕ್ಕಪಕ್ಕದ ಪದರಗಳನ್ನು ಹರಿವು ಒಂದೇ ಸಮ ತೆಳ್ಳಗೆ ಮಾಡಿರುತ್ತದೆ. ಹಾಗಾಗಿ ಆ ನೆಗೆತ ಹಿಮದ್ದೇ. ನನಗೆ ಇವತ್ತಿಗೂ ಮೈ ಜುಂ ಅನ್ನುವುದು ಇದಕ್ಕೇ.

ಬೂದಿ_ಗೆರೆ:
ವರ್ಷ ಎಣಿಸುವುದು ಹೇಗೆ ಅಂತಲೂ ಕೇಳಬೇಕಲ್ವಾ. ಬೇಸಿಗೆ ಹಿಮದಲ್ಲಿ ಭಾರದ ಆಕ್ಸಿಜನ್ (ತೂಕ ಹೆಚ್ಚಿರುವ ಆಕ್ಸಿಜನ್ ಪರಮಾಣು) ಜಾಸ್ತಿ, ಚಳಿಗಾಲದ್ದರಲ್ಲಿ ಕಡಿಮೆ. ಆ ಏರಿಳಿತ ಒಂದಾದರೆ ಒಂದು ವರ್ಷ. ಎಣಿಕೆ ತಪ್ಪಿದೆಯಾ ಅಂತ ನೋಡಲು ಜ್ವಾಲಾಮುಖಿಗಳಿವೆ. 1783ರಲ್ಲಿ ಐಸ್‌ಲ್ಯಾಂಡಿನ ಲಾಕಿ ಉಗುಳಿದ ಆಮ್ಲ ಗ್ರೀನ್‌ಲ್ಯಾಂಡಿನ ಗಡ್ಡೆಯಲ್ಲಿ ಎದ್ದು ಕಾಣುತ್ತದೆ.

ಮೂಡಿಗೆರೆ_ತೋಟ:
ಇಬ್ಬರಿಗೂ ಥ್ಯಾಂಕ್ಸ್. ಇನ್ನೊಂದು ಪ್ರಶ್ನೆ. ನಮ್ಮ ಗೇಜಿಗೂ ಪಕ್ಕದ ತೋಟದ್ದಕ್ಕೂ ಒಂದೇ ದಿನ ಲೆಕ್ಕ ಬೇರೆ ಬರುತ್ತದೆ. ಗ್ರೀನ್‌ಲ್ಯಾಂಡಿನಲ್ಲಿ ಒಂದೇ ತೂತು ಕೊರೆದರೆ ಸಾಕಾ?

ಹಿಮದ_ಕೋಣೆ:
ಒಂದು ವರ್ಷದ ಹಿಮ ಬೇಕಿದ್ದರೆ ಸಾಲದು. ಗಾಳಿ ಹಿಮವನ್ನು ಒಂದು ಕಡೆ ಗುಡ್ಡೆ ಹಾಕುತ್ತದೆ, ಇನ್ನೊಂದು ಕಡೆ ಕೆರೆದುಬಿಡುತ್ತದೆ. ಅದಕ್ಕೇ ಹತ್ತಿರ ಹತ್ತಿರ ಹಲವು ಕಡೆ ಕೊರೆದು ಸರಾಸರಿ ತೆಗೆಯುತ್ತಾರೆ, ಇಲ್ಲವೇ ಹತ್ತಾರು ವರ್ಷಗಳನ್ನು ಸೇರಿಸಿ ನೋಡುತ್ತಾರೆ.

ಮೂಡಿಗೆರೆ_ತೋಟ:
ಪಕ್ಕದ ತೋಟದವರ ಹತ್ತಿರವೂ ಹಳೆ ಮಳೆ ಪುಸ್ತಕ ಇದೆ. ಭಾನುವಾರ ತಂದು ಅಜ್ಜನ ಪುಸ್ತಕದ ಪಕ್ಕ ಇಟ್ಟು ನೋಡುತ್ತೇನೆ.