ಕುತ್ತಿಗೆ ಗಂಟಿನಲ್ಲಿ ವೈರಸ್ ಇದೆಯಾ? ಕಿಕುಚಿ ಕಾಯಿಲೆ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ (ಗೋಣಿಕೊಪ್ಪಲಿನ ಸದಸ್ಯೆ):
ಡಾಕ್ಟ್ರೇ, ನನ್ನ ತಂಗಿಗೆ 26 ವರ್ಷ. ಒಂದು ತಿಂಗಳ ಹಿಂದೆ ಕುತ್ತಿಗೆಯ ಎಡಗಡೆ ಮೂರು ಗಂಟು ಎದ್ದವು. ಮುಟ್ಟಿದರೆ ನೋವು, ಸಂಜೆಯಾದರೆ ಜ್ವರ. ಸೂಜಿ ಹಾಕಿ ನೋಡಿದವರು ಟಿಬಿ ಇರಬಹುದು ಎಂದರು. ಮೈಸೂರಿನಲ್ಲಿ ಒಂದು ಗಂಟನ್ನು ಪೂರ್ತಿ ತೆಗೆಸಿ ಬಯಾಪ್ಸಿ ಮಾಡಿಸಿದೆವು. ‘ಕಿಕುಚಿ’ ಅಂತ ಬಂತು. ಕೆಳಗೆ ಒಂದು ಸಾಲು, ‘ವೈರಸ್ ಕಾರಣ ಇರಬಹುದು’. ಯಾವ ವೈರಸ್? ಅದಕ್ಕೆ ಬೇರೆ ಪರೀಕ್ಷೆ ಬೇಕಾ? ಅವಳಿಗೆ ಎರಡು ವರ್ಷದ ಮಗು ಇದೆ, ಹತ್ತಿರ ಬಿಡಬಹುದಾ? ನಮ್ಮ ತೋಟದಲ್ಲಿ ಮಂಗಗಳು ಜಾಸ್ತಿ. ಮಾವ ‘ಮಂಗನ ಕಾಯಿಲೆ’ ಅಂತ ಹೆದರಿಸುತ್ತಿದ್ದಾರೆ.

ಉತ್ತರ (ಪೇಥಾಲಜಿಸ್ಟ್, ಮಡಿಕೇರಿ):
ಮೊದಲು ಮಗುವನ್ನು ಅವಳ ಮಡಿಲಿಗೆ ಕೊಡಿ. ಕಿಕುಚಿಯನ್ನು ಅಂಟುವ ಕಾಯಿಲೆ ಅಂತ ಯಾರೂ ಎಣಿಸುವುದಿಲ್ಲ. ಮಾವನಿಗೂ ಹೇಳಿ, ಮಂಗನ ಕಾಯಿಲೆ ಉಣ್ಣಿ ಕಚ್ಚಿ ಬರುವಂಥದ್ದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಕಡೆ ಪತ್ತೆಯಾದದ್ದು. ಅದರ ವೈರಸ್ ಯಾವುದು ಅಂತ ನಮಗೆ ಚೆನ್ನಾಗಿ ಗೊತ್ತು. ಕಿಕುಚಿಯ ಕಥೆ ಹಾಗಲ್ಲ.

ಕಿಕುಚಿ, ಫುಜಿಮೋಟೊ ಇಬ್ಬರೂ ಜಪಾನಿನವರು. ಲಿಂಫ್ ಗಂಟು, ಅಂದರೆ ಮೈಯ ರಕ್ಷಣಾ ಕಣಗಳು ಸೇರುವ ಗಂಟು, ಊದುವ ಈ ಕಾಯಿಲೆಯನ್ನು 1972ರಲ್ಲಿ ಬೇರೆ ಬೇರೆಯಾಗಿ ವಿವರಿಸಿದರು. ಏಷ್ಯಾದ ಜನರಲ್ಲಿ, ಅದರಲ್ಲೂ 40 ದಾಟದ ಹೆಂಗಸರಲ್ಲಿ ಜಾಸ್ತಿ. ಇಂಥ ಗಂಟನ್ನು ಮೈಕ್ರೊಸ್ಕೋಪಿನಲ್ಲಿ ನೋಡಿದರೆ ಅಲ್ಲಲ್ಲಿ ಜೀವಕೋಶಗಳು ಸತ್ತು ಪುಡಿಪುಡಿಯಾಗಿ ಬಿದ್ದಿರುತ್ತವೆ. ಕೀವು ಮಾಡುವ ನ್ಯೂಟ್ರೊಫಿಲ್ ಕಣಗಳು ಮಾತ್ರ ಇಲ್ಲವೇ ಇಲ್ಲ. ಪುಡಿಯನ್ನು ನುಂಗುವ ಹಿಸ್ಟಿಯೊಸೈಟ್‌ಗಳು, ಸುತ್ತ ತುಂಬಾ ಟಿ ಕಣಗಳು ಎಂಬ ಬಿಳಿ ರಕ್ತಕಣಗಳು. ಸೋಂಕು ತಗಲಿದ ಕೋಶವನ್ನು ಕೊಲ್ಲುವುದೇ ಈ ಟಿ ಕಣಗಳ ಕೆಲಸ. ಜೊತೆಗೆ ಜ್ವರ, ಬಿಳಿ ರಕ್ತಕಣ ಇಳಿಯುವುದು, ಕೊನೆಗೆ ತಾನಾಗಿಯೇ ವಾಸಿಯಾಗುವುದು. ವೈರಸ್ಸೇ ಇರಬೇಕು ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ?

ಹಾಗಾಗಿ ಹುಡುಕಿದರು. ಮೇಣದಲ್ಲಿ ಕೂರಿಸಿಟ್ಟ ಹಳೆಯ ಗಂಟುಗಳಿಂದ ಡಿಎನ್‌ಎ ತೆಗೆದು ಪಿಸಿಆರ್, ಅಂದರೆ ವೈರಸ್ಸಿನ ಡಿಎನ್‌ಎ ಹುಡುಕುವ ಪರೀಕ್ಷೆ, ಮಾಡಿದರು. ಎಪ್‌ಸ್ಟೈನ್-ಬಾರ್ ವೈರಸ್, ಹರ್ಪಿಸ್ ಗುಂಪಿನ 6 ಮತ್ತು 8ನೇ ನಂಬರಿನವು, ಪಾರ್ವೊ ಬಿ19, ಹೀಗೆ ಒಂದೊಂದನ್ನೇ. ಕೆಲವು ಕಡೆ ಸಿಕ್ಕಿತು, ಕೆಲವು ಕಡೆ ಇಲ್ಲ.

ಸಿಕ್ಕಿದ ಮೇಲೂ ತೊಡಕು ಇದೆ. ನಿಮ್ಮ ತೋಟದ ಬೇಲಿ ಮುರಿದಿದೆ, ಪಕ್ಕದಲ್ಲಿ ಆನೆ ಹೆಜ್ಜೆ ಇದೆ ಅಂದುಕೊಳ್ಳಿ. ಆನೆ ಆ ದಾರಿಯಲ್ಲಿ ದಿನಾ ಓಡಾಡುವುದಾದರೆ ಹೆಜ್ಜೆ ನೋಡಿ ಏನು ತೀರ್ಮಾನ ಮಾಡುತ್ತೀರಿ? ಎಪ್‌ಸ್ಟೈನ್-ಬಾರ್ ಅಂಥದ್ದೇ. ದೊಡ್ಡವರಲ್ಲಿ 100ಕ್ಕೆ 90ಕ್ಕೂ ಹೆಚ್ಚು ಜನರಿಗೆ ಎಂದೋ ತಗಲಿರುತ್ತದೆ. ಆಮೇಲೆ ಬಿ ಕಣಗಳು ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳಲ್ಲಿ ಸುಮ್ನೆ ಮಲಗಿರುತ್ತದೆ. ಲಿಂಫ್ ಗಂಟು ಎಂದರೆ ಬಿ ಕಣಗಳ ಮನೆ. ಅಲ್ಲಿ ಹುಡುಕಿದರೆ ಸಿಗದೇ ಇರುತ್ತದಾ? ಅದಕ್ಕೇ ಬೇರೆ ಕಾರಣಕ್ಕೆ ಊದಿದ ಗಂಟುಗಳನ್ನೂ ಪಕ್ಕದಲ್ಲಿಟ್ಟು ಹೋಲಿಸಬೇಕು. ವೈರಸ್ ಯಾವ ಕೋಶದೊಳಗೆ ಕೂತಿದೆ ಅಂತಲೂ ಬಣ್ಣ ಹಾಕಿ ನೋಡಬೇಕು. ಸಾಯುತ್ತಿರುವ ಕೋಶಗಳಲ್ಲಿ ಇಲ್ಲದೆ ದೂರದ ನಾಲ್ಕು ಕಣಗಳಲ್ಲಿದ್ದರೆ ಅದರ ಮೇಲೆ ಆರೋಪ ಹೊರಿಸಲಾಗದು.

ಪತ್ತೆ ಸರಿಯಾಗಿ ಆದರೆ ಹೇಗಿರುತ್ತದೆ ಅಂತಲೂ ಹೇಳುತ್ತೇನೆ. ಕ್ಯಾಸಲ್‌ಮನ್ ಅಂತ ಇನ್ನೊಂದು ಲಿಂಫ್ ಗಂಟಿನ ಕಾಯಿಲೆ ಇದೆ. 8ನೇ ನಂಬರಿನ ಹರ್ಪಿಸ್ ವೈರಸ್ ಸಿಕ್ಕಿದ್ದು 1994ರಲ್ಲಿ. ಮರುವರ್ಷವೇ ಕ್ಯಾಸಲ್‌ಮನ್‌ನ ಹಲವು ಕಡೆ ಗಂಟು ಬರುವ ಬಗೆಯಲ್ಲಿ ಅದನ್ನು ಕಂಡರು. ಎಚ್‌ಐವಿ ಇರುವವರಿಗೆ ಆ ಬಗೆ ಬಂದರೆ ಹೆಚ್ಚುಕಡಿಮೆ ಎಲ್ಲರಲ್ಲೂ ಆ ವೈರಸ್ ಇರುತ್ತದೆ. ಕಿಕುಚಿಯಲ್ಲಿ ಹಾಗೆ ಪಟ್ಟಾಗಿ ಕೂತ ವೈರಸ್ ಒಂದೂ ಇಲ್ಲ. ಹಲವು ಬೇರೆ ಬೇರೆ ಸೋಂಕುಗಳಿಗೆ ಕೆಲವರ ಮೈ ಒಂದೇ ರೀತಿ ಪ್ರತಿಕ್ರಿಯಿಸುತ್ತದೆ ಅನ್ನುವ ವಾದ ನನಗೆ ಹೆಚ್ಚು ಸರಿ ಅನಿಸುತ್ತದೆ.

ಆದ್ದರಿಂದ ನಿಮ್ಮ ತಂಗಿಗೆ ವೈರಸ್ ಪರೀಕ್ಷೆಗಳ ಉದ್ದ ಪಟ್ಟಿ ಬೇಡ. ರಕ್ತದಲ್ಲಿ ವೈರಸ್ ವಿರುದ್ಧದ ಪ್ರತಿಕಾಯ ಹುಡುಕಿ ‘ಐಜಿಜಿ ಪಾಸಿಟಿವ್’ ಅಂತ ಬಂದರೆ ಹಿಂದೆಂದೋ ತಗಲಿತ್ತು ಅಂತ ಅಷ್ಟೇ. ಆ ದುಡ್ಡಿನಲ್ಲಿ ಎಎನ್‌ಎ ಅನ್ನುವ ರಕ್ತ ಪರೀಕ್ಷೆ ಮಾಡಿಸಿ, ಲೂಪಸ್ ಅನುಮಾನಕ್ಕೆ ಮಾಡುವಂಥದ್ದು. ಲೂಪಸ್ ಅಂದರೆ ಮೈಯ ರಕ್ಷಣಾ ವ್ಯವಸ್ಥೆಯೇ ಮೈ ಮೇಲೆ ತಿರುಗಿಬೀಳುವ ಕಾಯಿಲೆ, ಅದರ ಗಂಟೂ ಹೀಗೇ ಕಾಣಬಹುದು. ಕೆಲವರಿಗೆ ಅದು ಆಮೇಲೆ ಬರುವುದೂ ಉಂಟು.

ಪ್ರಶ್ನೆ (ಅದೇ ಸದಸ್ಯೆ):
ತುಂಬಾ ಥ್ಯಾಂಕ್ಸ್ ಡಾಕ್ಟ್ರೇ. ಆಂಟಿಬಯಾಟಿಕ್ ಎರಡು ಕೋರ್ಸ್ ಆಯಿತು, ಏನೂ ಆಗಲಿಲ್ಲ.

ಉತ್ತರ:
ಆಗುವುದಿಲ್ಲ. ಜ್ವರ, ನೋವಿಗೆ ಪ್ಯಾರಸಿಟಮಾಲ್ ಸಾಕಾಗುತ್ತದೆ. ಜೋರಾಗಿದ್ದರೆ ಡಾಕ್ಟರು ಸ್ಟೀರಾಯ್ಡ್ ಕೊಡುತ್ತಾರೆ, ನೀವಾಗಿ ತರಬೇಡಿ. ಸಾಮಾನ್ಯವಾಗಿ 1ರಿಂದ 4 ತಿಂಗಳಲ್ಲಿ ಇಳಿಯುತ್ತದೆ. ಗಂಟು ದೊಡ್ಡದಾಗುತ್ತಾ ಹೋದರೆ, ತೂಕ ಇಳಿದರೆ, ಮುಖದ ಮೇಲೆ ಕೆಂಪು ಗುಳ್ಳೆ ಎದ್ದರೆ ಅಥವಾ ಕೀಲು ನೋವು ಬಂದರೆ ಕಾಯಬೇಡಿ, ತೋರಿಸಿ.

ಪ್ರಶ್ನೆ (ಸೋಮವಾರಪೇಟೆಯ ಸದಸ್ಯರು):
ಸರ್, ಸೂಜಿ ಪರೀಕ್ಷೆಯಲ್ಲೇ ಯಾಕೆ ಗೊತ್ತಾಗಲಿಲ್ಲ?

ಉತ್ತರ:
ಸೂಜಿಯಲ್ಲಿ ಬಿಡಿ ಕಣಗಳು ಬರುತ್ತವೆ, ಗಂಟಿನ ರಚನೆ ಬರುವುದಿಲ್ಲ. ಸತ್ತ ಪುಡಿ ಕಂಡಾಗ ನಮ್ಮ ದೇಶದಲ್ಲಿ ಮೊದಲು ಟಿಬಿ ನೆನಪಾಗುವುದು ತಪ್ಪೇನಲ್ಲ. ಲಿಂಫೋಮಾ, ಅಂದರೆ ಲಿಂಫ್ ಗಂಟಿನ ಕ್ಯಾನ್ಸರ್, ಅಂತ ಗಾಬರಿಯಾಗುವುದೂ ಇದೆ. ಪೂರ್ತಿ ಗಂಟು ತೆಗೆಸಿದ್ದು ಒಳ್ಳೆಯದಾಯಿತು.

ಪ್ರಶ್ನೆ (ಗೋಣಿಕೊಪ್ಪಲಿನ ಸದಸ್ಯೆ):
ಲ್ಯಾಬಿನವರು ಚಿಕ್ಕ ಮೇಣದ ಬ್ಲಾಕ್ ಕೊಟ್ಟಿದ್ದಾರೆ. ಬಿಸಾಡಬಹುದಾ?

ಉತ್ತರ:
ಅಯ್ಯೋ, ಬೇಡ! ಮುಂದೆ ಅನುಮಾನ ಬಂದರೆ ಮತ್ತೆ ನೋಡಲು ಅದೇ ಬೇಕು. ಡಬ್ಬಿಯಲ್ಲಿ ಹಾಕಿ ರಿಪೋರ್ಟಿನ ಜೊತೆ ಇಡಿ. ಮಳೆಗಾಲ ಅಂತ ಒಲೆ ಮೇಲಿನ ಅಟ್ಟದಲ್ಲಿ ಮಾತ್ರ ಇಡಬೇಡಿ, ಕರಗಿ ಹೋಗುತ್ತದೆ.